ಬಾಗಿಲ ಎಡಕ್ಕೆ ನಿಂತ ತೆನೆ

ಮಸ್ಕಿಯ ಬಸ್ ನಿಲ್ದಾಣದ ಹೊರಗೆ ಒಬ್ಬಾಕೆ ಕುಳ್ಳಿನ ಬೆಂಕಿಯಲ್ಲಿ ಹಸಿ ಜೋಳದ ತೆನೆ ಸುಡುತ್ತಿದ್ದಳು. ಹಾಗೆ ಸುಟ್ಟು ಉದುರಿಸಿದ ಎಳೆಗಾಳು, ಸೀತನಿ, ಎಂದರೆ ನಮ್ಮ ಮನೆಯವರಿಗೆ ಪ್ರಾಣ. ಅವರು ತೀರಿಕೊಂಡ ಮೇಲೆ ಬಂದ ಮೊದಲ ಸೀತನಿ ಅದು. ಅಭ್ಯಾಸದ ಮೇಲೆ ಇಬ್ಬರಿಗಾಗುವಷ್ಟು ಕೊಂಡುಬಿಟ್ಟೆ. ಪೊಟ್ಟಣ ಕೈಯಲ್ಲಿ ಬೆಚ್ಚಗಿತ್ತು. ಮನೆಗೆ ಹೋಗಲು ಮನಸ್ಸಾಗಲಿಲ್ಲ... ಲಿಂಗಸುಗೂರಿನ ಬಸ್ಸು ನಿಂತಿತ್ತು, ಹತ್ತಿದೆ. ನನ್ನ ತವರೂರು ಆ ಕಡೆಯೇ. ಅಲ್ಲೀಗ ನಮ್ಮವರು ಯಾರೂ ಇಲ್ಲ. ಆದರೂ ಸುಟ್ಟ ಜೋಳದ ವಾಸನೆ ಬಂದಾಗಲೆಲ್ಲ ಅಲ್ಲಿಯ ಪಕ್ಕದ ಮನೆಯ ಕಾಕಾ ನೆನಪಾಗುತ್ತಾನೆ.

ನಿಜಾಮರ ಕಾಲ ಅದು. ನನಗಾಗ ಮದುವೆ ಗೊತ್ತಾಗಿತ್ತು. ಕಾಕಾ ಕಲ್ಲು ಕಟೆಯುವವನು. ಕಟೆಯುವುದೆಂದರೆ ದೇವರ ಮೂರ್ತಿಯಲ್ಲ, ಒಳ್ಳು, ಬೀಸುಕಲ್ಲು. ಸವೆದ ಬೀಸುಕಲ್ಲನ್ನು ಉಳಿಯಿಂದ ಹೊಡೆದು ಮತ್ತೆ ತರಿತರಿ ಮಾಡಿಕೊಡುತ್ತಿದ್ದ. ಹಾಗೆ ಮಾಡಿಸಿದ ದಿನ ಅವ್ವ ಮೊದಲು ಒಂದು ಹಿಡಿ ತೌಡು ಬೀಸಿ ಎಮ್ಮೆಗೆ ಹಾಕುತ್ತಿದ್ದಳು, ರೊಟ್ಟಿಯಲ್ಲಿ ಕಲ್ಲು ಕಡಿಯಬಾರದೆಂದು. ಆದರೆ ಲಿಂಗಸುಗೂರಿಗೆ ಹಿಟ್ಟಿನ ಗಿರಣಿ ಬಂತು. ಕಾಕಾನನ್ನು ಕರೆಯುವ ಮನೆಗಳು ಕಡಿಮೆಯಾದವು. ಸರ್ಕಾರಿ ಸಡಕಿಗೆ ಜಲ್ಲಿಕಲ್ಲಿನ ಖಡಿ ಒಡೆಯಲು ಊರು ಬಿಟ್ಟು ಹೋಗುವುದೊಂದೇ ಉಳಿದಿತ್ತು.

ಅಷ್ಟರಲ್ಲಿ ಪಾದ್ರಿಗಳ ಗುಡಿಯ ಕೆಲಸ ಬಂತು. ನಮ್ಮೂರಿನ ಚರ್ಚನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಎಂದೋ ಸ್ಪೇನ್ ದೇಶದ ಪಾದ್ರಿಯೊಬ್ಬರು ತಮ್ಮ ಊರಿನ ಗುಡಿಯಂತೆಯೇ ಇರಲಿ ಎಂದು ಕಟ್ಟಿಸಿದ್ದರಂತೆ. ಮುಂಭಾಗವೆಲ್ಲ ಕಲ್ಲಿನ ಬಳ್ಳಿ, ಹೂವು, ಶಂಖದಂಥ ಚಿಪ್ಪು, ರೆಕ್ಕೆಯ ಮಕ್ಕಳು. ಬಾಗಿಲ ಎರಡೂ ಬದಿಗೆ ಒಂದೊಂದು ಗೊಂಚಲು. ಎಡಗಡೆಯದು ಸಿಡಿಲಿಗೆ ಒಡೆದು ಬಿದ್ದಿತ್ತು. ಆಗಿದ್ದ ಪಾದ್ರಿಗಳು ಕಾಕಾನನ್ನು ಕರೆದು, “ಆ ಕಡೆ ಇದ್ದ ಹಾಗೆ ಈ ಕಡೆ ಮಾಡು. ಸರಿಯಾದರೆ ಇನ್ನುಳಿದ ಒಡಕಿನ ಕೆಲಸವೆಲ್ಲ ನಿನಗೇ ಕೊಡುತ್ತೇನೆ” ಎಂದು ಹೇಳಿ ರಾಯಚೂರಿಗೆ ಹೋದರು.

ಕಾಕಾ ಗೋಣಿತಟ್ಟು ಕಟ್ಟಿಕೊಂಡು ಅದರ ಹಿಂದೆ ಕೂತ. ಯಾರಿಗೂ ತೋರಿಸಲಿಲ್ಲ. ಕಾಕಿ ಬುತ್ತಿ ಇಡುವಾಗ ಕೆಣಕುತ್ತಿದ್ದಳು, “ಬೀಸುಕಲ್ಲು ಕಟದಷ್ಟು ಸಸಾರಲ್ಲ ಅದು, ನೋಡು ಮತ್ತ!”

“ನಿನ್ನ ಬಾಯಿಗಿಂತ ಕಲ್ಲು ಮೆತ್ತಗೈತಿ, ಸುಮ್ಮನ ನಡಿ” ಎನ್ನುತ್ತಿದ್ದ ಕಾಕಾ.

ಪಾದ್ರಿಗಳು ಬಂದ ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಬಂದವರು ಯಾರೂ ಒಳಗೆ ಹೋಗಲಿಲ್ಲ. ಬಿಳಿ ರುಮಾಲಿನ ಗಂಡಸರು, ತಲೆ ತುಂಬ ಸೆರಗು ಹೊದ್ದ ಹೆಂಗಸರು ಬಾಗಿಲ ಮುಂದೆಯೇ ನಿಂತರು. ನಮ್ಮ ಓಣಿಯ ಲಿಂಗ ಕಟ್ಟಿದವರು, ಸಾಬರು, ಎಲ್ಲರೂ ಬಂದಿದ್ದೆವು. ಕಾಕಾ ಒಗೆದ ಧೋತರ ಉಟ್ಟಿದ್ದ. ಗೋಣಿತಟ್ಟು ಎಳೆದ.

ಕಲ್ಲಿನಲ್ಲಿ ಒಂದು ಜೋಳದ ತೆನೆ ಎದ್ದು ನಿಂತಿತ್ತು. ಕಾಳು ಕಾಳೂ ತುಂಬಿ, ಕೆಳಗೆ ಎರಡು ಎಲೆ.

ಪಾದ್ರಿಗಳು ಬಹಳ ಹೊತ್ತು ನೋಡಿದರು. “ಇದು ಏನು?”

“ತೆನಿ ರೀ, ಸ್ವಾಮೇರ. ಆ ಕಡೀದು ಜೋತು ಬಿದ್ದೈತಿ, ಒಣಗಿದಂಗ ಕಾಣತೈತಿ. ಇದನ್ನ ನಿಂದರಿಸೀನಿ.”

“ಅದು ದ್ರಾಕ್ಷಿ, ಅಪ್ಪಾ. ದ್ರಾಕ್ಷಿಯ ಗೊಂಚಲು.”

ಕಾಕಾ ದ್ರಾಕ್ಷಿಯನ್ನು ಕಂಡವನಲ್ಲ. ಕಂಡವರು ನಮ್ಮಲ್ಲಿಯೂ ಯಾರಿದ್ದರು? ಮಳೆಗಾಳಿಗೆ ಸವೆದ ಆ ಗೊಂಚಲನ್ನು ನಾವೂ ತೆನೆ ಎಂದೇ ತಿಳಿದಿದ್ದೆವು. ಅವನ ಮುಖ ಇಳಿದುಹೋಯಿತು. ಬಗ್ಗಿ ಉಳಿ ಎತ್ತಿಕೊಂಡ. “ಹಂಗಾರ ಕಡದು ತಗೀತೀನ್ರಿ” ಎಂದ. ಕಾಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬುತ್ತಿ ಕಟ್ಟಿಕೊಂಡು ಸಡಕಿಗೆ ಹೋಗುವ ದಿನ ಅವಳ ಕಣ್ಣಿಗೆ ಕಂಡಿರಬೇಕು.

ಆಗ ಆ ಗುಡಿಗೇ ನಡೆದುಕೊಳ್ಳುವ ಒಬ್ಬ ಮುದುಕಿ ಮುಂದೆ ಬಂದಳು. “ಏ, ತಡಿಯೋ ಮಾರಾಯ! ಸ್ವಾಮೇರ, ಒಂದು ಮಾತು ಕೇಳ್ತೀನ್ರಿ. ದಿನಾ ಒಳಗ ಮೊಣಕಾಲೂರಿ ನಾವು ಬೇಡಕೊಳ್ಳೋದು ಏನ್ರಿ? ದಿನದ ರೊಟ್ಟಿ ಕೊಡಪ್ಪಾ ದೇವರ ಅಂತ, ಹೌದಲ್ಲ?”

“ಹೌದು.”

“ರೊಟ್ಟಿ ದ್ರಾಕ್ಷಿಲೆ ಬಡಿತಾರೇನ್ರಿ?”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಪಾದ್ರಿಗಳು ಮುದುಕಿಯನ್ನು ನೋಡಿದರು, ತೆನೆಯನ್ನು ನೋಡಿದರು. ಆಮೇಲೆ ಅವರೂ ನಕ್ಕರು, ಹೊಟ್ಟೆ ಅಲುಗುವಂತೆ. ಕಾಕಾನ ಕೈಯಿಂದ ಉಳಿಯನ್ನು ತೆಗೆದುಕೊಂಡು ಅವನ ಜೋಳಿಗೆಯಲ್ಲಿಯೇ ಇಟ್ಟು, “ಇರಲಿ. ನಾಳೆ ಬಂದು ಆ ಒಡೆದ ಚಿಪ್ಪು ನೋಡು. ಆದರೆ ಮೊದಲು ನನ್ನನ್ನು ಕೇಳು” ಎಂದರು. ಜನ ಗದ್ದಲ ಮಾಡುತ್ತ ಒಳಗೆ ನಡೆದರು. ನಾವು ಹೊರಗೇ ನಿಂತು ಅವರ ಹಾಡು ಕೇಳಿದೆವು. ಕಾಕಾ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ. ಅಷ್ಟು ನಿರುಮ್ಮಳವಾಗಿ ಅವನು ಕೂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ವರ್ಷದಿಂದ ಸೀತನಿಯ ಕಾಲಕ್ಕೆ ಯಾವ ಮನೆಯವರೇ ಆಗಲಿ, ಹೊಲದ ಮೊದಲ ತೆನೆಯನ್ನು ಆ ಕಲ್ಲಿನ ತೆನೆಯ ಕೆಳಗೆ ಇಟ್ಟು ಬರುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ನಾನು ಮದುವೆಯಾಗಿ ಸಾಲಗುಂದಕ್ಕೆ ಹೋದೆ. ಕಾಕಾ ಕಡೆಯವರೆಗೂ ಊರು ಬಿಡಲಿಲ್ಲ. ಕಲ್ಲಿನ ಧೂಳಿನ ಕೆಮ್ಮೇ ಅವನನ್ನು ಒಯ್ದಿತಂತೆ. ಸುದ್ದಿ ನನಗೆ ತಡವಾಗಿ ತಲುಪಿತು...

ಸೀತನಿಯ ಪೊಟ್ಟಣ ಹಿಡಿದು ಬಸ್ಸಿಳಿದು ಹೋದಾಗ ಚರ್ಚಿನ ಮುಂದೆ ಜನ ನೆರೆದಿದ್ದರು. ಯಾರದೋ ಮದುವೆ. ತೆನೆ ಇನ್ನೂ ನಿಂತಿದೆ. ಆದರೆ ಕಾಳೆಲ್ಲ ಸವೆದು ನುಣುಪಾಗಿ ಆ ಕಡೆಯ ಗೊಂಚಲಿನಂತೆಯೇ ಕಾಣುತ್ತದೆ. ನಾನು ನೋಡುತ್ತ ನಿಂತದ್ದನ್ನು ಕಂಡು ಮದುವೆಗೆ ಬಂದ ಗೃಹಸ್ಥರೊಬ್ಬರು, “ಎರಡೂ ದ್ರಾಕ್ಷಿನ ರೀ ಅಮ್ಮಾ. ಒಂದನ್ನ ತಪ್ಪಿ ತಲಿಕೆಳಗ ಕೂಡಿಸ್ಯಾರ” ಎಂದರು.

“ಅಲ್ಲಪ್ಪಾ, ಅದು ತೆನಿ. ನಮ್ಮ ಕಾಕಾ ಕಟದದ್ದು” ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು.

ಹೌದೆನ್ನಲು ಅಂದು ಅದನ್ನು ಕಂಡವರು ಇನ್ನೊಬ್ಬರು ಅಲ್ಲಿ ಇರಲಿಲ್ಲ. ಪೊಟ್ಟಣ ಬಿಚ್ಚಿದೆ. ಮನೆಯವರ ಪಾಲಿನ ಸೀತನಿಯನ್ನು ತೆನೆಯ ಕೆಳಗೆ ಇಟ್ಟೆ. ನನ್ನ ಪಾಲನ್ನು ಮೆಟ್ಟಿಲ ಮೇಲೆ ಕೂತು, ತಣ್ಣಗಾಗಿದ್ದರೂ, ಒಂದೊಂದೇ ಕಾಳು ತಿಂದೆ.