ಅಗಸಿಯ ಜೋಡಿ

ಸಾಬವ್ವ, ಪುಸ್ತಕದಲ್ಲಿ ಹಾಗೆ ಬರೆದಿರಲಿಲ್ಲ. ಕುಣಿತದ ಕೊನೆಯ ಜೋಡಿ ಅಲ್ಲಾಡದೆ ನಿಂತೇ ಇರಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ. ಅದು ನಾನು ಹೇಳಿದ ಸುಳ್ಳು. ವಾಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಿನ್ನ ಅಕ್ಕೋರಾಗಿದ್ದ ನಾನು, ಹನ್ನೆರಡು ವರ್ಷದ ನಿನ್ನ ಮುಖ ನೋಡಿಕೊಂಡೇ ಹೇಳಿದ ಸುಳ್ಳು. ಇಷ್ಟು ಬರೆಯುವುದಕ್ಕೆ ನಾಲ್ಕು ಕಾಗದ ಹರಿದಿದ್ದೇನೆ.

ನಿನಗೆ ನೆನಪಿರುವುದನ್ನೇ ಮತ್ತೆ ಹೇಳಬೇಕಾಗಿದೆ, ಏಕೆಂದರೆ ನಿನಗೆ ಗೊತ್ತಿರುವುದು ಅದರ ಅರ್ಧ.

ನಿಜಾಮರ ಕಾಲ. ನಮ್ಮ ಶಾಲೆಗೆ ಶನಿವಾರ ಮಧ್ಯಾಹ್ನ ಪಿಟೀಲು ಹಿಡಿದುಕೊಂಡು ಬರುತ್ತಿದ್ದ ಮಿಸೆಸ್ ಪಾಮರ್ ನೆನಪಿದ್ದಾಳಲ್ಲ — ರೈಲ್ವೆ ಡ್ರೈವರನ ವಿಧವೆ, ಒಣಕಲು ಹೆಂಗಸು, ಬಿಸಿಲಿಗೆ ಮೂಗು ಸದಾ ಕೆಂಪು. ಹರೆಯದಲ್ಲಿ ಆಕೆ ತನ್ನ ದೇಶದ ಹಳ್ಳಿಗಳ ಹಳೆಯ ಕುಣಿತಗಳನ್ನು ಅಭ್ಯಾಸ ಮಾಡಿದ್ದಳು. ಇನ್ನೂರು ಮುನ್ನೂರು ವರ್ಷದ ಹಿಂದೆ ಅಚ್ಚಾದ ಪುಸ್ತಕಗಳಿಂದ ಹೆಜ್ಜೆ, ತಿರುವು, ಸಾಲು ಎಲ್ಲವನ್ನೂ ಕೈಯಾರೆ ಒಂದು ನೀಲಿ ವಹಿಯಲ್ಲಿ ಬರೆದುಕೊಂಡಿದ್ದಳು. ರೈಲ್ವೆ ಕಾಲನಿಯ ಹುಡುಗ ಹುಡುಗಿಯರಿಗೆ ಅದು ಬೇಡವಾಗಿತ್ತು. ಅವರು ಗ್ರಾಮೋಫೋನಿನ ಹೊಸ ಕುಣಿತಕ್ಕೆ ಮರುಳಾಗಿದ್ದರು. ಹಾಗಾಗಿ ಆಕೆ ನಮ್ಮಲ್ಲಿಗೆ ಬಂದಳು. ಕನ್ನಡದಲ್ಲಿ ಆಕೆಗೆ ಬರುತ್ತಿದ್ದುದು ಐದಾರು ಮಾತು. ನನ್ನ ತಂದೆ ಸ್ಟೇಷನ್ನಿನ ಪಾರ್ಸಲ್ ಗುಮಾಸ್ತರಾದ್ದರಿಂದ ನನಗೆ ಇಂಗ್ಲಿಷ್ ಬರುತ್ತಿತ್ತು. ಆಕೆ ಹೇಳಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಆಕೆಗೂ ನಿಮಗೂ ನಡುವೆ ನಾನೊಬ್ಬಳೇ ಬಾಯಿ.

ಆ ವಹಿಯನ್ನು ನಾನು ಮನೆಗೆ ತಂದು ಓದುತ್ತಿದ್ದೆ. ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಒಂದು ಸಾಲು ಹುಣಸೆಬೀಜ, ಎದುರಿಗೆ ಒಂದು ಸಾಲು ಜೋಳದ ಕಾಳು ಇಟ್ಟುಕೊಂಡು ಸರಿಸಿ ಸರಿಸಿ ನೋಡುತ್ತಿದ್ದೆ. ಅವ್ವ ನಗುತ್ತಿದ್ದಳು: "ಏನ ಇದು, ಈ ವಯಸ್ಸಿನ್ಯಾಗ ಚೌಕಾಬಾರಾ ಆಡಾಕತ್ತೀಯೇನ?" ಎದುರುಬದುರು ನಿಂತವರು ಒಂದು ಜೋಡಿ; ಸಾಲಿನ ಮೇಲಿನ ಜೋಡಿ ಎರಡನೆಯ ಜೋಡಿಯ ಕೈ ಹಿಡಿದು ಸುತ್ತಬೇಕು, ಅವರನ್ನು ದಾಟಿ ಕೆಳಗಿಳಿಯಬೇಕು, ಮುಂದಿನವರ ಕೈ ಹಿಡಿಯಬೇಕು, ಹೀಗೆ ತುದಿಯತನಕ. ತುದಿಯಲ್ಲಿ ಉಳಿದ ಜೋಡಿ ಒಂದು ಸುತ್ತು ಕಾದು ತಾನೂ ಒಳಗೆ ಬರಬೇಕು. "ಕುಣಿತ ಮುಗಿಯುವುದರೊಳಗೆ ಎಲ್ಲರೂ ಎಲ್ಲರ ಕೈ ಹಿಡಿದಿರುತ್ತಾರೆ, ಅದೇ ಇದರ ಚೆಂದ" ಎಂದು ಮಿಸೆಸ್ ಪಾಮರ್ ಹೇಳಿದಾಗ ನಾನು ಭಾಳ ಖುಷಿಪಟ್ಟೆ. ಹುಣಸೆಬೀಜಗಳನ್ನು ತುದಿಯತನಕ ಓಡಿಸಿದೆ. ಏನೂ ಅಡ್ಡಿ ಬರಲಿಲ್ಲ.

ಅಡ್ಡಿ ಬಂದದ್ದು ಶನಿವಾರ. ಹುಡುಗಿಯರು ಒಂಬತ್ತು ಮಂದಿ, ಜೋಡಿ ಕೂಡಲು ಒಬ್ಬರು ಕಡಿಮೆ. ನಾನೇ ಸೆರಗು ಬಿಗಿದುಕೊಂಡು ಮೇಲಿನ ಜೋಡಿಯಲ್ಲಿ ನಿಂತೆ. ಕೆಳಗೆ ತುದಿಯಲ್ಲಿ ನೀನು, ನಿನ್ನ ಜೋಡಿ ರೈಲ್ವೆ ಕಾಲನಿಯ ಅಡಿಗೆಯವನ ಮಗಳು ಮರಿಯಾ. ನೀನು ರಾವೂರಿನ ಕಲ್ಲುಗಣಿಯಿಂದ ನಡೆದು ಬರುತ್ತಿದ್ದವಳು, ಊರು ಮುಟ್ಟಿಸಿಕೊಳ್ಳದ ಕೇರಿಯವಳು. ನಾನು ಒಂದೊಂದೇ ಜೋಡಿ ದಾಟಿ ಕೆಳಗೆ ಬಂದೆ. ಇನ್ನು ನಿನ್ನ ಪಾಳಿ. ನೀನು ಬಲಗೈ ಚಾಚಿದೆ.

ಆಗಲೇ ನಾನು ಕೈ ಎತ್ತಿ ಕುಣಿತ ನಿಲ್ಲಿಸಿದೆ. "ಕೊನೀ ಜೋಡಿ ಅಂದ್ರ ಅಗಸಿ ಇದ್ದಂಗವ್ವ. ಊರ ಅಗಸಿ ಬಾಗಿಲಾ ಎಲ್ಲೆರೆ ನಡದಾಡ್ತದೇನು? ನೀವಿಬ್ಬರೂ ಗಟ್ಟಿಯಾಗಿ ನಿಂದ್ರಬೇಕು. ಪುಸ್ತಕದಾಗ ಹಂಗೇ ಅದ." ನೀನು ತಲೆಯಾಡಿಸಿ ಕೈ ಹಿಂದೆ ತೆಗೆದುಕೊಂಡು ನೆಟ್ಟಗೆ ನಿಂತೆ. ಏನು ಶಿಸ್ತು ಅಂತೀ ನಿಂದು!

ಶಾಲೆಯ ಹಿರಿಯರು ಅಡ್ಡ ಬಂದರು, ಹುಡುಗಿಯರ ತಂದೆತಾಯಿಗಳು ಗದ್ದಲ ಮಾಡಿದರು ಎಂದು ನಾನು ಆಮೇಲೆ ಒಬ್ಬಿಬ್ಬರ ಮುಂದೆ ಹೇಳಿಕೊಂಡದ್ದುಂಟು. ಅದೂ ಸುಳ್ಳು. ಯಾರೂ ಬರಲಿಲ್ಲ. ಯಾರೂ ಒಂದು ಮಾತು ಆಡಲಿಲ್ಲ. ಉಳಿದ ಹುಡುಗಿಯರು ಏನು ಮಾಡುತ್ತಿದ್ದರೋ ನನಗೆ ಗೊತ್ತೇ ಇಲ್ಲ, ಅವರಿಗೆ ಅವಕಾಶವನ್ನೇ ಕೊಡಲಿಲ್ಲ ನಾನು. ಹಿಂದೆ ಸರಿದದ್ದು ನನ್ನ ಕೈ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಲಿಂಗ ಹಿಡಿಯುವ ಕೈ. ಜಾತಿ ಇಲ್ಲ ಎಂದ ಶರಣರ ವಚನಗಳನ್ನು ನಿಮಗೆ ಬಾಯಿಪಾಠ ಮಾಡಿಸುತ್ತಿದ್ದವಳ ಕೈ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಥೂ ನನ್ನ ಜನ್ಮಕ್ಕಿಷ್ಟು!

ಒಂದು ಸುಳ್ಳಿಗೆ ಇನ್ನೊಂದು ಬೇಕಾಯಿತು. ಆ ಇಬ್ಬರು ಯಾಕೆ ನಿಂತೇ ಇದ್ದಾರೆ ಎಂದು ಮಿಸೆಸ್ ಪಾಮರ್ ಕೇಳಿದಳು. ನಿನಗೆ ಕಾಲುನೋವು, ಕುಣಿಯಲಾರೆನೆಂದು ನೀನೇ ಹೇಳಿದ್ದೀಯ, ಗೆಳತಿ ನಿನ್ನನ್ನು ಬಿಟ್ಟು ಹೋಗುವುದಿಲ್ಲ ಎಂದು ನಾನು ಆಕೆಗೆ ಹೇಳಿದೆ. ಪಾಪ, ಮುಂದಿನ ಶನಿವಾರ ಆಕೆ ನಿನಗೆಂದು ತಿಕ್ಕುವ ಎಣ್ಣೆಯ ಸೀಸೆ ತಂದಳು. ನಾನು ಅದನ್ನು ನಿನ್ನ ಕೈಗಿಟ್ಟು, "ಮೇಮಸಾಬ್ರು ಕೊಟ್ಟಾರ, ನಿಮ್ಮವ್ವನ ಕಾಲಿಗೆ ಹಚ್ಚು" ಎಂದೆ. ಕೈಗೆ ಎಲ್ಲಿ ಇಟ್ಟೆ — ಕಟ್ಟೆಯ ಮೇಲೆ ಇಟ್ಟೆ, ನೀನು ಎತ್ತಿಕೊಂಡೆ. ಗಣಿಯಲ್ಲಿ ಕಲ್ಲು ಹೊರುತ್ತಿದ್ದ ನಿಮ್ಮವ್ವನ ಕಾಲುನೋವು ಅದರಿಂದ ಇಳಿಯಿತಂತೆ. "ನಮ್ಮವ್ವ ದಿನಾ ನಿಮ್ಮ ಹೆಸರ ತಗೋತಾಳ್ರೀ ಅಕ್ಕೋರ" ಎಂದು ನೀನು ಹೇಳಿದಾಗ ನಾನು ಹಾಜರಿ ಪುಸ್ತಕ ತೆರೆದು ಕೂತೆ.

ಆ ಚಳಿಗಾಲ ಮಿಸೆಸ್ ಪಾಮರ್ ಊರು ಬಿಡುವುದಾಯಿತು. ಹೋಗುವ ಮುಂಚೆ ಒಂದು ಸಂಜೆ ರೈಲ್ವೆಯವರ ಸಭಾಂಗಣದಲ್ಲಿ ನಮ್ಮ ಕುಣಿತ. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು, ಹೊಸ ಪೋಲಕ ತೊಟ್ಟು ಬಂದಿದ್ದೆ ನೀನು. ನೋಡಿ ನೋಡಿಯೇ ನೀನು ಪೂರಾ ಕುಣಿತ ಕಲಿತಿದ್ದೆ ಎಂಬುದು ನನಗೆ ಗೊತ್ತಿತ್ತು. ನೀನೂ ಮರಿಯಾನೂ ಬಾವಿಯ ಹತ್ತಿರ ಇಬ್ಬರೇ ಕುಣಿಯುವುದನ್ನು ನಾನು ಕಂಡಿದ್ದೆ. ಸಾಲು ಕಟ್ಟುವಾಗ ನೀನು ನನ್ನ ಹತ್ತಿರ ಬಂದೆ.

"ಅಕ್ಕೋರ, ಇವತ್ತರ ನಮ್ಮ ಪಾಳಿ ಬರ್ತದೇನ್ರೀ?"

"ಬರ್ತದ, ನಿಂದ್ರು."

ಯಾಕೆ ಹಾಗೆಂದೆನೋ! ಜನ ಕೂತಿದ್ದರು, ನನಗೆ ಅವಸರ... ಇಲ್ಲ, ಅವಸರವಲ್ಲ. ನಿನ್ನನ್ನು ಸುಮ್ಮನಾಗಿಸಬೇಕಿತ್ತು, ಅಷ್ಟೆ.

ಪಿಟೀಲು ಶುರುವಾಯಿತು. ಒಂದೊಂದೇ ಜೋಡಿ ದಾಟಿ ನಾನು ಕೆಳಗೆ ಬಂದೆ. ನೀನು ಕೈ ಚಾಚಿದೆ. ಬರ್ತದ ಎಂದು ನಾನೇ ಹೇಳಿದ್ದೆನಲ್ಲ. ನಾನು ಕಾಣದವಳ ಹಾಗೆ ಬೆನ್ನು ತಿರುಗಿಸಿದೆ. ಎಂಟು ಎಣಿಕೆಯ ರಾಗ ಮುಗಿಯುವತನಕ ನಿನ್ನ ಕೈ ಹಾಗೇ ಗಾಳಿಯಲ್ಲಿ ಇತ್ತು. ಬೆನ್ನು ತಿರುಗಿಸಿದವಳಿಗೆ ಹೇಗೆ ಗೊತ್ತು ಅನ್ನಬೇಡ. ಎದುರಿನ ಕಿಟಕಿಯ ಗಾಜಿನಲ್ಲಿ ಕಾಣುತ್ತಿತ್ತು.

ಮಿಸೆಸ್ ಪಾಮರ್ ಕೂಡ ಕಂಡಳು. ಚಪ್ಪಾಳೆ ಮುಗಿದ ಮೇಲೆ ನೇರ ನಿನ್ನ ಹತ್ತಿರ ಬಂದು, ಮಂಡಿಯೂರಿ ಕೂತು, ತನ್ನ ಹರಕು ಕನ್ನಡದಲ್ಲಿ "ಕಾಲು ನೋವು?" ಎಂದು ಕೇಳಿದಳು.

"ಇಲ್ರೀ ಮೇಮಸಾಬ. ಕಾಲ್ ಛಲೋ ಅದಾವ. ನಾವು ಅಗಸಿ ಅದೀವಲ್ರೀ, ಅದಕ್ಕ ನಿಂತೀವಿ. ಪುಸ್ತಕದಾಗ ಹಂಗೇ ಅದಂತ."

ಆಕೆಗೆ ತಿಳಿದದ್ದು "ಇಲ್ಲ" ಮತ್ತು "ಪುಸ್ತಕ" ಎಂಬ ಎರಡೇ ಮಾತಿರಬೇಕು. ಅಷ್ಟು ಸಾಕಾಯಿತು. ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿಗೆದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು: "ಪುಸ್ತಕದಲ್ಲಿ ಹಾಗಿಲ್ಲ ಎಂದು ಈ ಮಗುವಿಗೆ ಹೇಳು. ಈಗಲೇ ಹೇಳು. ಅವಳದೇನೂ ತಪ್ಪಿಲ್ಲ ಎಂದು ಹೇಳು."

ನೀನು ಕಣ್ಣರಳಿಸಿ ನನ್ನ ಬಾಯಿ ನೋಡುತ್ತಿದ್ದೆ. ಹೇಳಬಹುದಿತ್ತು. ಅಲ್ಲಿಯತನಕದ ಎಲ್ಲವೂ ಆ ಒಂದು ಮಾತಿನಿಂದ ಸರಿಹೋಗುತ್ತಿರಲಿಲ್ಲ, ಆದರೂ ಹೇಳಬಹುದಿತ್ತು.

"ಮೇಮಸಾಬ್ರು ಅನ್ನಾಕತ್ತಾರ — ಎಲ್ಲಾರಿಗಿಂತ ನೀನೇ ಭಾಳ ಛಲೋ ನಿಂತಿದ್ದೆ ಅಂತ."

ನೀನು ನಕ್ಕೆ ನೋಡು! ಮರಿಯಾಳನ್ನು ತಬ್ಬಿಕೊಂಡು ಕುಣಿದಾಡಿದೆ. ಆ ನಗು ಕಂಡು ಮಿಸೆಸ್ ಪಾಮರ್ ನಾನು ನಿಜ ಹೇಳಿದೆನೆಂದೇ ತಿಳಿದಳು. ಕಣ್ಣೊರೆಸಿಕೊಂಡು ನನ್ನ ಭುಜ ತಟ್ಟಿದಳು. ಮರುದಿನ ರೈಲು ಹತ್ತುವಾಗ ಆ ನೀಲಿ ವಹಿಯನ್ನು ನನಗೇ ಕೊಟ್ಟುಹೋದಳು, ಕಲಿಸುತ್ತಿರು ಎಂದು. ನಾನು ಆಮೇಲೆ ಯಾರಿಗೂ ಕಲಿಸಲಿಲ್ಲ. ಬೇಸಿಗೆ ರಜೆಯ ನಂತರ ನೀನು ಶಾಲೆಗೆ ಬರಲಿಲ್ಲ, ಗಣಿಗೆ ಹೋದೆ ಎಂದರು. ಸತ್ಯ ಹೇಳಬೇಕೆಂದರೆ ನನಗೆ ಹಗುರವಾಯಿತು.

ಇಲ್ಲಿಗೆ ಮುಗಿದಿದ್ದರೆ ಈ ಕಾಗದವನ್ನು ಬರೆಯುತ್ತಿದ್ದೆನೋ ಇಲ್ಲವೋ, ನನ್ನ ಮೇಲೆ ನನಗೇ ಭರವಸೆಯಿಲ್ಲ. ಮೂವತ್ತೈದು ವರ್ಷ ನುಂಗಿಕೊಂಡಿದ್ದವಳು ಇನ್ನೂ ನುಂಗಿಕೊಂಡಿರುತ್ತಿದ್ದೆ. ಆದರೆ ಹೋದ ತಿಂಗಳು ಚಿತ್ತಾಪುರದ ನಮ್ಮ ಮನೆಗೆ ಫರಸಿ ನೋಡಲು ರಾವೂರಿಗೆ ಬಂದೆನಲ್ಲ, ಆವತ್ತು ನಿಮ್ಮ ಓಣಿಯ ಬಾಯಲ್ಲಿ ಆ ರಾಗ ಕೇಳಿತು. ಪಿಟೀಲಿನದೇ ರಾಗ, ಬಾಯಲ್ಲಿ ಹಾಡುತ್ತಿದ್ದವಳು ನೀನು. ಎರಡು ಸಾಲು ಹುಡುಗಿಯರು. ಒಂದು ಹೆಜ್ಜೆ ತಪ್ಪಿಲ್ಲ, ಒಂದು ತಿರುವು ತಪ್ಪಿಲ್ಲ. ವಹಿ ನನ್ನ ಪೆಟ್ಟಿಗೆಯಲ್ಲಿ ಕೊಳೆಯುತ್ತಿದ್ದಾಗ ಕಲಿಸುತ್ತಿದ್ದವಳು ನೀನು. ಎದೆ ತುಂಬಿ ಬಂತು ನನಗೆ. ಆಮೇಲೆ ತುದಿಯಲ್ಲಿ ನಿಂತಿದ್ದ ಇಬ್ಬರು ಚಿಕ್ಕವರನ್ನು ಕಂಡೆ. ಕೈ ಕಟ್ಟಿಕೊಂಡು ನೆಟ್ಟಗೆ ನಿಂತಿದ್ದರು. ಒಬ್ಬಳು ನಿನ್ನ ಮೊಮ್ಮಗಳೆಂದು ಆಮೇಲೆ ತಿಳಿಯಿತು.

"ಆಯೀ, ನಮ್ಮ ಪಾಳಿ ಯಾವಾಗ?"

"ಅಗಸಿ ಅಲ್ಲಾಡಬಾರ್ದವ್ವ. ಪುಸ್ತಕದಾಗ ಅದ. ನಿಂದ್ರು."

ನೀನು ನನ್ನ ಗುರುತು ಹಿಡಿದು ಓಡಿಬಂದೆ. "ಅಯ್ಯ ನಮ್ಮ ಅಕ್ಕೋರು! ಬರ್ರೀ, ಕುಂದ್ರಿ. ಏ ಹುಡಿಗ್ಯಾರ, ನನಗ ಇದನ್ನ ಕಲಿಸಿದೋರು ಇವರೇ" ಎಂದೆ. ಚಹಾಕ್ಕೆ ಎಸರಿಡಲು ಹೇಳಿದೆ. ನಾನು ರೈಲುಬಂಡಿಗೆ ಹೊತ್ತಾಯಿತು ಎಂದು ಎದ್ದುಬಂದೆ. ಬಂಡಿಗೆ ಇನ್ನೂ ಎರಡು ತಾಸು ಇತ್ತು.

ಬರುವ ಸೋಮವಾರ ಬೆಳಗಿನ ಬಂಡಿಗೆ ಬರುತ್ತೇನೆ. ವಹಿ ತರುತ್ತೇನೆ, ಅದು ನಿನ್ನದು. ಪುಸ್ತಕದಲ್ಲಿ ಇರುವುದೇನೆಂದು ಆ ಹುಡುಗಿಯರೆಲ್ಲರ ಮುಂದೆ ನನ್ನ ಬಾಯಿಂದಲೇ ಹೇಳುತ್ತೇನೆ: ಕೊನೆಯ ಜೋಡಿ ಒಂದು ಸುತ್ತು ಕಾಯಬೇಕು, ಒಂದೇ ಸುತ್ತು, ಆಮೇಲೆ ಮೇಲಿನಿಂದ ಬಂದವರು ಅವರಿಗೆ ಕೈ ಕೊಡಲೇಬೇಕು. ಯಾಕೆ ಹಾಗೆ ಹೇಳಿಕೊಟ್ಟೆ ಎಂಬುದನ್ನೂ ಹೇಳುತ್ತೇನೆ, ನಿನ್ನ ಮೊಮ್ಮಗಳಿಗೆ ತಿಳಿಯುವ ಹಾಗೆ.

ಮೊದಲು ನೀನು ಇದನ್ನು ಒಬ್ಬಳೇ ಓದಬೇಕೆಂದು ಕಳಿಸುತ್ತಿದ್ದೇನೆ. ನನಗೆ ಕುಂದ್ರಿ ಅನ್ನಬೇಡ, ಚಹಾ ಇಡಬೇಡ. ನಾನು ಬಂದು ಕೈ ಚಾಚುತ್ತೇನೆ, ಸಾಬವ್ವ. ನೀನು ಹಿಡಿಯಬೇಕೆಂದೇನೂ ಇಲ್ಲ.