ಒಂದು ಹಲ್ಲಿಗೆ ಎರಡು ರಬ್ಬರ್

ಅರವತ್ತಾರನೆಯ ವಯಸ್ಸಿನಲ್ಲಿ ನಾನು ಹಲ್ಲಿಗೆ ತಂತಿ ಹಾಕಿಸಿಕೊಂಡೆ. ಇಚಲಕರಂಜಿ ಪಕ್ಕದ ಕಬನೂರಿನ ನಮ್ಮ ಓಣಿಗೆ ಆ ವರ್ಷ ಇದಕ್ಕಿಂತ ದೊಡ್ಡ ಸುದ್ದಿ ಸಿಗಲಿಲ್ಲ. ಮಗ್ಗಗಳು ತಿಂಗಳುಗಟ್ಟಲೆ ನಿಂತಾಗಲೂ ಇಷ್ಟು ಜನ ಬಾಗಿಲಿಗೆ ಬಂದು ವಿಚಾರಿಸಿರಲಿಲ್ಲ. ಬಂದವರೆಲ್ಲ ಮೊದಲು ಬಾಯಿ ತೆರೆಯಲು ಹೇಳುತ್ತಿದ್ದರು, ಆಮೇಲೆ ಚಹಾ ಕೇಳುತ್ತಿದ್ದರು.

ಮೊದಲ ದಿನವೇ ನನ್ನ ಹೆಂಡತಿ ತೀರ್ಪು ಕೊಟ್ಟಳು. "ಅಲ್ರೀ, ಹಲ್ಲ ಬೀಳೂ ವಯಸ್ಸಿನ್ಯಾಗ ಹಲ್ಲ ಸಾಲಾಗಿ ನಿಲ್ಲಸಾಕ ಹೊಂಟೀರಿ. ನಾಳಿ ಪಾಟೀಚೀಲ ಹಾಕ್ಕೊಂಡು ಸಾಲಿಗೂ ಹೋಗ್ರಿ ಮತ್ತ."

ಕಾರಣ ಅವಳಿಗೂ ಗೊತ್ತಿತ್ತು. ನಮ್ಮ ಜೈನ ಬಸ್ತಿಯಲ್ಲಿ ಬೆಳಗಿನ ಪೂಜೆಯಾದ ಮೇಲೆ ಒಬ್ಬರು ಶಾಸ್ತ್ರ ಓದುತ್ತಾರೆ, ಉಳಿದವರು ಕೂತು ಕೇಳುತ್ತಾರೆ. ಒಂಬತ್ತು ವರ್ಷದಿಂದ ಹಾಗೆ ಓದುತ್ತಿದ್ದವನು ನಾನು. ದವಡೆಯ ಎರಡು ಹಲ್ಲು ಹಿಂದೆಯೇ ಹೋಗಿದ್ದವು, ವಸಡು ಸಡಿಲಾಗಿತ್ತು. ಹೀಗಾಗಿ ಮೇಲಿನ ಎದುರು ಹಲ್ಲುಗಳು ನಿಧಾನವಾಗಿ ಮುಂದಕ್ಕೆ ಬಾಗಿ ನಡುವೆ ಸಂದು ಬಿಟ್ಟವು. ಎಡಗಡೆಯದು ಹೆಚ್ಚು ಬಾಗಿತ್ತು. 'ಸಮ್ಯಕ್ ದರ್ಶನ' ಎಂದು ಓದಿದರೆ ಕುಕ್ಕರ್ ಸೀಟಿ ಊದಿದಂತಾಗುತ್ತಿತ್ತು. ಕೇಳುವವರು ತಲೆ ತಗ್ಗಿಸಿ ಕೂರುತ್ತಿದ್ದರು. ಅದು ಭಕ್ತಿ ಎಂದು ಸ್ವಲ್ಪ ದಿನ ನಂಬಿದ್ದೆ.

ನನ್ನ ಪಕ್ಕದಲ್ಲೇ ಕೂರುವ ಒಬ್ಬ ನಿವೃತ್ತ ತಲಾಠಿ ನನ್ನ ಭ್ರಮೆ ಬಿಡಿಸಿದ. ಇಡೀ ಆಯುಷ್ಯ ಊರವರ ಹೊಲದ ಪಹಣಿ-ಉತಾರೆ ಬರೆದವನು. ಯಾವ ಜಾಗ ಯಾವಾಗ ಯಾರ ಹೆಸರಿಗೆ ಬರುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತಾಗುತ್ತದೆ. ಅವನ ಬಾಯಲ್ಲಿ ಒಂದೂ ಸ್ವಂತ ಹಲ್ಲಿಲ್ಲ, ಪೂರಾ ಸೆಟ್ಟು.

"ಅಣ್ಣಾರ, ನೀವು ನಿಧಾನಕ್ಕ ಹಲ್ಲ ಸುದ್ದ ಮಾಡ್ಕೊಂಡ ಬರ್ರಿ. ಅಲ್ಲೀಮಟಾ ನಾ ಓದತೇನಿ. ಪುಣ್ಯಾ ಇಬ್ಬರೂ ಹಂಚ್ಕೊಳ್ಳೂಣು," ಎಂದ.

ಪುಣ್ಯ ಹಂಚಿಕೊಳ್ಳುವ ಅಭ್ಯಾಸ ನನಗಿರಲಿಲ್ಲ. ಮರುದಿನವೇ ಕೊಲ್ಹಾಪುರದ ಬಸ್ಸು ಹತ್ತಿದೆ.

ಕೊಲ್ಹಾಪುರದಲ್ಲಿ ಹಲ್ಲು ಸರಿಸುವುದನ್ನೇ ಕಲಿತ ಒಬ್ಬ ಡಾಕ್ಟರ್ ಇದ್ದಾಳೆ. ನನ್ನ ಮಗಳಿಗಿಂತ ಚಿಕ್ಕವಳು, ಗಡಹಿಂಗ್ಲಜ ಕಡೆಯವಳು, ನಮ್ಮ ಕನ್ನಡವನ್ನೇ ಆಡುತ್ತಾಳೆ. ಎರಡು ತಿಂಗಳು ತಂತಿಯ ಮಾತೇ ಎತ್ತಲಿಲ್ಲ. ವಸಡಿನ ಅಡಿಯ ಕಿಟ್ಟ ಕೆರೆಸಿದಳು, ಹಲ್ಲುಜ್ಜುವುದನ್ನು ಹೊಸದಾಗಿ ಕಲಿಸಿದಳು. ಚಿಕ್ಕಂದಿನಲ್ಲಿ ಬೋರ್ಡಿಂಗ್ ಶಾಲೆಯಲ್ಲಿ ಏಳು ವರ್ಷ ಗಂಟೆಯ ಸದ್ದಿಗೆ ಎದ್ದು ಸಾಲಾಗಿ ನಿಂತು ಹಲ್ಲುಜ್ಜಿದವನಿಗೆ ಇದು ಅವಮಾನವೇ. ಆದರೂ ಅವಳು ಹೇಳಿದ ಹೊತ್ತಿಗೆ ಹೇಳಿದಂತೆ ಉಜ್ಜಿದೆ. ಆಮೇಲೆ ಮೇಲೆ ಕೆಳಗೆ ತಂತಿ ಕಟ್ಟಿದಳು. ಕೊನೆಗೆ ಪುಟ್ಟ ರಬ್ಬರ್ ಬಳೆಗಳ ಪೊಟ್ಟಣ ಕೊಟ್ಟಳು. ಮೇಲಿನ ಕೋರೆಹಲ್ಲಿನ ಕೊಕ್ಕೆಯಿಂದ ಕೆಳಗಿನ ದವಡೆಹಲ್ಲಿನ ಕೊಕ್ಕೆಗೆ ರಬ್ಬರನ್ನು ಎಳೆದು ಸಿಕ್ಕಿಸಬೇಕು.

"ಕಾಕಾ, ಒಂದು ಬದಿಗೆ ಒಂದಽ ರಬ್ಬರ್. ಉಣ್ಣೂಮುಂದ ತಗೀರಿ, ಬಾಯಿ ತೊಳದು ಮತ್ತ ಹಾಕ್ರಿ."

"ಯಾವಾಗ ಮುಗೀತೈತಿ?"

"ದೀವಳಿಗಿ ದಾಟತೈತಿ. ಘಾಯಿ ಕರೂ ನಕಾ. ಅವಸರ ಮಾಡಿದ್ರ ಹಲ್ಲ ಕೇಳಂಗಿಲ್ಲ." ನಾನು ಒಪ್ಪಲಿಲ್ಲವೆಂದು ಮುಖ ನೋಡಿಯೇ ತಿಳಿದಿರಬೇಕು, ಬೆರಳು ಮಡಚಿ ತೋರಿಸಿದಳು. "ಹಲ್ಲ ಅಂದ್ರ ಎಲುಬಿಗೆ ಹೊಡದ ಮೊಳಿ ಅಲ್ಲ. ಬೇರಿಗೂ ಎಲುಬಿಗೂ ನಡುವ ತೆಳ್ಳಗ ನಾರಿನ ಪದರ ಐತಿ, ಅದರಾಗ ರಕ್ತ ಹರೀತೈತಿ. ಮೆತ್ತಗ ಜಗ್ಗಿದ್ರ ಹಲ್ಲ ಹೋಗೂ ಬದಿಗಿನ ಎಲುಬ ಕರಗತೈತಿ, ಬಿಟ್ಟ ಬಂದ ಬದಿಗೆ ಹೊಸಾ ಎಲುಬ ತುಂಬತೈತಿ. ಹಲ್ಲ ಹಿಂಗ ಸರಿಯೂದು."

"ಜೋರಲೆ ಜಗ್ಗಿದ್ರ?"

"ಸರಿಯೂದಽ ನಿಂದರತೈತಿ."

ಇದನ್ನು ನಾನು ಡಾಕ್ಟರುಗಳ ಮಾಮೂಲು ಬೆದರಿಕೆ ಎಂದುಕೊಂಡೆ. ಉಪ್ಪು ಬಿಡಿ, ಸಕ್ಕರೆ ಬಿಡಿ ಎನ್ನುತ್ತಾರಲ್ಲ, ಹಾಗೆ. ಜೋರಾಗಿ ಜಗ್ಗಿದರೆ ಸರಿಯದ ವಸ್ತುವನ್ನು ನಾನು ಕಂಡೇ ಇರಲಿಲ್ಲ.

ನನ್ನ ಕಷ್ಟ ಬೇರೆ ಇತ್ತು. ಭಾದ್ರಪದದಲ್ಲಿ ನಮಗೆ ದಶಲಕ್ಷಣ ಪರ್ವ. ಹತ್ತು ದಿನ ಬಸ್ತಿ ತುಂಬಿರುತ್ತದೆ, ಕ್ಷಮೆ, ಸತ್ಯದಂಥ ಹತ್ತು ಧರ್ಮಗಳಲ್ಲಿ ದಿನಕ್ಕೊಂದರ ಮೇಲೆ ಓದು. ವರ್ಷದ ಉಳಿದ ದಿನ ಹನ್ನೆರಡು ಜನರಿಗೆ ಓದುವವನು ಈ ಹತ್ತು ದಿನ ಮುನ್ನೂರು ಜನರಿಗೆ ಓದುತ್ತಾನೆ. ಭಾದ್ರಪದ ದೀಪಾವಳಿಗಿಂತ ಮೊದಲು ಬರುತ್ತದೆ. ಅದನ್ನು ಮುಂದೂಡುವಂತೆ ಬಸ್ತಿಯ ಪಂಚರನ್ನು ಕೇಳುವ ಹಾಗಿರಲಿಲ್ಲ.

ಇಚಲಕರಂಜಿಯ ಕಾರಖಾನೆಯಲ್ಲಿ ಮೂವತ್ತೈದು ವರ್ಷ ನಾನು ನೇಯ್ದು ಬಂದ ಬಟ್ಟೆಯ ತಪ್ಪು ಹುಡುಕುವ ಕೆಲಸ ಮಾಡಿದವನು. ಆ ಊರಿನಲ್ಲಿ ಮಾಲು ಬೇಗ ಬೇಕೆಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಎರಡನೇ ಪಾಳಿ ಹಚ್ಚುತ್ತಾರೆ. ಹನ್ನೆರಡು ತಾಸಿನ ಎರಡು ಪಾಳಿ ಓಡಿದರೆ ಹದಿನೈದು ದಿನದ ಕೆಲಸ ಎಂಟು ದಿನಕ್ಕೆ ಮುಗಿಯುತ್ತದೆ. ಆದರೆ ರಬ್ಬರ್ ನನ್ನ ಬಾಯಲ್ಲಿ ಆಗಲೇ ಎರಡೂ ಪಾಳಿ ದುಡಿಯುತ್ತಿತ್ತು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ, ಅಷ್ಟಮಿ ಚತುರ್ದಶಿಗೆ ಒಪ್ಪೊತ್ತು. ತೆಗೆಯುವ ಪ್ರಸಂಗವೇ ಕಡಿಮೆ. ಪಾಳಿ ಹೆಚ್ಚಿಸಲು ಬರದಿದ್ದರೆ ಆಳು ಹೆಚ್ಚಿಸಬೇಕು. ಒಂದು ಕೊಕ್ಕೆಗೆ ಎರಡು ರಬ್ಬರ್ ಹಾಕಿದೆ. ಡಾಕ್ಟರಿಗೆ ಹೇಳಲಿಲ್ಲ. ಕೆಲಸ ಮೊದಲೇ ಮುಗಿಸಿ ತೋರಿಸಿ ಆಶ್ಚರ್ಯಪಡಿಸುವ ಯೋಚನೆ ಇತ್ತು.

ಮೊದಲ ವಾರ ಹಲ್ಲು ಜಿವುಗುಟ್ಟಿತು. ಒಳ್ಳೆಯದು, ಕೆಲಸ ನಡೆದಿದೆ ಎಂದುಕೊಂಡೆ. ದಿನಾ ಬೆಳಿಗ್ಗೆ ಎಂಟಕ್ಕೆ ಕಿಟಕಿಯ ಬಳಿ ಕನ್ನಡಿ ಇಟ್ಟು, ಬಟ್ಟೆಯ ಎಳೆ ಎಣಿಸುವ ಹಳೆಯ ಭೂತಗನ್ನಡಿಯಿಂದ ಸಂದನ್ನು ಅಳೆದೆ. ಎರಡು ವಾರ ಅದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ರಬ್ಬರ್ ಬರುವ ಮೊದಲು ಬರೀ ತಂತಿ ಇದ್ದಾಗಲೇ ಹಲ್ಲು ಸರಿಯುತ್ತಿತ್ತು. ಬೇರೆ ಯಾರಾದರೂ ಇಲ್ಲಿ ನಿಲ್ಲುತ್ತಿದ್ದರು. ನಾನು ಮೂರನೆಯದನ್ನು ಹಾಕಿ ನೋಡಿದೆ. ಕೊಕ್ಕೆಯಲ್ಲಿ ಜಾಗ ಸಾಲಲಿಲ್ಲ. ನನ್ನ ಬುದ್ಧಿಗಿಂತ ಕೊಕ್ಕೆಯ ಬುದ್ಧಿ ಹೆಚ್ಚಾಗಿತ್ತು.

ನಾಲ್ಕನೇ ವಾರ ಹೆಂಡತಿ ನನ್ನ ಮುಖವನ್ನೇ ನೋಡುತ್ತ ಕೂತಳು.

"ಆ ಎಡಗಡೆ ಹಲ್ಲ ಉದ್ದಾಗೇತಿ ನೋಡ್ರಿ."

"ಈ ವಯಸ್ಸಿಗೆ ಹಲ್ಲ ಬೆಳೀತಾವೇನು?"

"ಹಂಗಂದ್ರ ವಸಡ ಮ್ಯಾಲ ಹೋಗೇತಿ. ಏನರೆ ಒಂದು ಆಗೇತಿ."

ಐದು ಮಕ್ಕಳ ಹಾಲುಹಲ್ಲು ಕಿತ್ತವಳ ಮಾತು. ನಾನು ಕೇಳಲಿಲ್ಲ. ಇವಳು ಯಾವ ಕಾಲೇಜಿಗೆ ಹೋಗಿದ್ದಾಳೆ ಎಂದುಕೊಂಡೆ, ನಾನೇ ದೊಡ್ಡ ದಂತವೈದ್ಯನಂತೆ.

ಆರನೇ ವಾರ ಗಡಹಿಂಗ್ಲಜಿನ ತಂಗಿಯ ಮನೆಗೆ ಊಟಕ್ಕೆ ಹೋದೆವು. ಗಟ್ಟಿ ಪದಾರ್ಥ ನಾನು ಮುಟ್ಟುತ್ತಿರಲಿಲ್ಲ, ಆ ಪಥ್ಯದಲ್ಲಿ ತಪ್ಪಿಲ್ಲ. ತುಪ್ಪದಲ್ಲಿ ಮುಳುಗಿದ ಹೂರಣದ ಹೋಳಿಗೆ. ಹಲ್ಲಿಲ್ಲದ ಕೂಸೂ ತಿನ್ನಬಹುದು. ಅದನ್ನು ಕಚ್ಚಿದೆ. ಎಡಗಡೆಯ ಎದುರು ಹಲ್ಲು ಒಳಕ್ಕೂ ಹೊರಕ್ಕೂ ತೂಗಾಡಿತು, ಗಾಳಿಗೆ ಬಿಟ್ಟ ಕಿಟಕಿ ಬಾಗಿಲಿನ ಹಾಗೆ. ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತೆ.

"ಯಣ್ಣಾ, ಹೋಳಿಗಿಗೂ ಸೋತ್ಯೇನೋ?" ತಂಗಿ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಎಲೆಯ ಮುಂದೆ ಕೂತಿದ್ದ ಹನ್ನೊಂದು ಜನರಲ್ಲಿ ಎಂಟು ಜನ ಲವಂಗದ ಎಣ್ಣೆ ಹಚ್ಚಲು ಹೇಳಿದರು, ಮೂವರು ಹಲ್ಲನ್ನು ಕಿತ್ತೇ ಬಿಡಲು ಹೇಳಿದರು. ಅವರಲ್ಲಿ ಒಬ್ಬ ಎದ್ದು ದಾರವನ್ನೂ ಹುಡುಕತೊಡಗಿದ. ಕೈ ತೊಳೆದುಕೊಂಡು ಕೊಲ್ಹಾಪುರದ ಬಸ್ಸು ಹಿಡಿದೆ. ಹೆಂಡತಿಯೂ ಬಂದಳು.

ಡಾಕ್ಟರ್ ಬೆರಳ ತುದಿಯಿಂದ ಹಲ್ಲನ್ನು ಅಲುಗಿಸಿ ನೋಡಿದಳು. ಕೊಕ್ಕೆ ನೋಡಿದಳು.

"ಕಾಕಾ, ಎಷ್ಟ ರಬ್ಬರ್?"

"ಎರಡು."

"ಯಾವಾಗಿಂದ?"

"ನೀವು ಕೊಟ್ಟ ಮೂರನೇ ದಿನದಿಂದ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಬಹುದಿತ್ತು. ಎಕ್ಸ್‌ರೇ ತೆಗೆಸಿ ಹಳೆಯದರ ಪಕ್ಕದಲ್ಲಿ ಇಟ್ಟಳು. ಹಳೆಯದರಲ್ಲಿ ಬೇರಿನ ತುದಿ ಚೂಪಾಗಿತ್ತು, ಹೊಸದರಲ್ಲಿ ಬರೆದು ಸವೆದ ಪೆನ್ಸಿಲಿನಂತೆ ಮೊಂಡಾಗಿತ್ತು. ಬೇರಿನ ಕಾಲುಭಾಗ ಹೋಗಿತ್ತು.

"ಭಾಳ ಜಗ್ಗಿದ್ರಿ, ಆ ನಾರಿನ ಪದರ ಅಪ್ಪಚ್ಚಿ ಆತು. ರಕ್ತ ಹರಿಯೂದು ನಿಂತು ಅಷ್ಟು ಜಾಗಾ ಸತ್ತತಿ. ಅದಕಽ ಮೊದಲ ಒಂದೆರಡು ವಾರ ಹಲ್ಲ ಮಿಸುಕಿರಂಗಿಲ್ಲ. ಸತ್ತದ್ದನ್ನ ತಗದು ಹಾಕಾಕ ಮೈಯಾಗಿನ ಕೂಲಿಯವರು ಬರತಾರ, ಎಲುಬನ್ನೂ ಕೆರೀತಾರ, ಅದರ ಜೋಡಿ ಬೇರನ್ನೂ ಕೆರೀತಾರ. ಎಲುಬ ತಿರಗಿ ತುಂಬತೈತಿ. ಬೇರಿನ ಉದ್ದ ತಿರಗಿ ಬರಂಗಿಲ್ಲ. ಮ್ಯಾಲ ಸರದ ವಸಡೂ ತಿರಗಿ ಇಳಿಯಂಗಿಲ್ಲ."

"ಹಲ್ಲ ಉಳೀತೈತೇನು?"

"ಈಗಽ ಹೇಳಾಕ ಬರಂಗಿಲ್ಲ. ಮೂರು ತಿಂಗಳು ಎಲ್ಲಾ ಬಂದ್. ರಬ್ಬರ್ ಇಲ್ಲ, ಜಗ್ಗೂದಿಲ್ಲ. ನಾಲಿಗಿಯಿಂದ ಮುಟ್ಟಿ ನೋಡೂದೂ ಇಲ್ಲ. ಬೇರು ಇನ್ನೂ ಸವದ್ರ ತಗೀಬೇಕಾಗತೈತಿ."

ಹೊರಗೆ ಬಂದ ಮೇಲೆ ಹೆಂಡತಿ ಬಾಯಿ ಬಿಟ್ಟಳು. "ಹುಟ್ಟಿದಾಗಿಂದ ಉಳ್ಳಾಗಡ್ಡಿ ಮುಟ್ಟಲಿಲ್ಲ, ಬಟಾಟಿ ಮುಟ್ಟಲಿಲ್ಲ, ಬೇರು ತಿನ್ನೂದು ಪಾಪ ಅಂತ. ಈಗ ನೋಡ್ರಿ, ನಿಮ್ಮ ಬೇರ ನೀವಽ ತಿಂದ್ರಿ."

ನಾನು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.

ಏನೂ ಮಾಡದಿರುವುದನ್ನು ನನಗೆ ಯಾವ ಬೋರ್ಡಿಂಗಿನಲ್ಲೂ ಕಲಿಸಿರಲಿಲ್ಲ. ಬೆಳಿಗ್ಗೆ ಎಂಟು ಹೊಡೆದರೆ ಕೈ ತಾನಾಗಿ ಕನ್ನಡಿಯ ಕಡೆ ಹೋಗುತ್ತಿತ್ತು. ಹೆಂಡತಿ ಕನ್ನಡಿಯನ್ನೂ ಭೂತಗನ್ನಡಿಯನ್ನೂ ಟ್ರಂಕಿಗೆ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಅನ್ನವನ್ನು ಮಿದ್ದು ಬಲಗಡೆಯಿಂದ ನುಂಗಿದೆ. ಎಲ್ಲಕ್ಕಿಂತ ಕಷ್ಟ ನಾಲಿಗೆಯನ್ನು ಕಾಯುವುದು. ಅದಕ್ಕೆ ದಿನಕ್ಕೆ ನೂರು ಸಲ ಆ ಹಲ್ಲನ್ನೇ ಮಾತಾಡಿಸಬೇಕು.

ದಶಲಕ್ಷಣ ಬಂತು. ಹಲ್ಲಿಗೆ ನಾಲಿಗೆ ತಾಗದೆ ಶಾಸ್ತ್ರ ಓದುವುದು ಹೇಗೆ? ತಲಾಠಿ ಓದಿದ. ಅವನ ಸೆಟ್ಟು ಪ್ರತಿ ವಾಕ್ಯದ ಕೊನೆಗೆ ಟಕ್ ಎಂದು ತಾಳ ಹಾಕುತ್ತಿತ್ತು. ಜನ ಅದನ್ನೂ ಶ್ರದ್ಧೆಯಿಂದ ಕೇಳಿದರು. ಎರಡನೆಯ ದಿನ ಉತ್ತಮ ಮಾರ್ದವ, ಅಂದರೆ ಅಹಂಕಾರ ಬಿಡುವ ಧರ್ಮ. ಅದನ್ನು ಓದುವಾಗ ಆ ಮಹಾಶಯ ಮೂರು ಸಲ ತಲೆಯೆತ್ತಿ ಮುನ್ನೂರು ಜನರ ನಡುವೆ ನನ್ನನ್ನೇ ಹುಡುಕಿ ನೋಡಿದ. ಅವನು ಓದಿದ್ದರಲ್ಲಿ ಒಂದು ತಪ್ಪೂ ಸಿಗಲಿಲ್ಲ. ನಾನು ಹುಡುಕದೆ ಬಿಟ್ಟಿರಲಿಲ್ಲ.

ಮೂರು ತಿಂಗಳು ಮುಗಿದ ದಿನ, ಹೇಳಿದ ಹೊತ್ತಿಗೆ, ಕೊಲ್ಹಾಪುರದ ಆ ಕುರ್ಚಿಯಲ್ಲಿ ಮಲಗಿದ್ದೆ. ಹೊಸ ಎಕ್ಸ್‌ರೇಯನ್ನು ಡಾಕ್ಟರ್ ಬಹಳ ಹೊತ್ತು ನೋಡಿದಳು. ಅವಳು ಕನ್ನಡಿಯ ಹಿಡಿಕೆಯಿಂದ ಹಲ್ಲನ್ನು ಒತ್ತಿದಳು. ಇನ್ನೊಮ್ಮೆ ಒತ್ತಿದಳು.

"ಬೇರು ಮುಂದ ಸವದಿಲ್ಲ, ಕಾಕಾ. ಸುತ್ತಲಿನ ಎಲುಬ ಗಟ್ಟಿ ಆಗೇತಿ. ಅಲುಗ್ಯಾಡೂದು ನಿಂತೈತಿ."

ಅವಳು ಕನ್ನಡಿಯನ್ನು ತಟ್ಟೆಗೆ ಹಾಕಿ ಎಕ್ಸ್‌ರೇಯನ್ನು ನನ್ನ ಕಡೆ ತಿರುಗಿಸಿದಳು.

"ಸಂದು ಅರ್ಧ ಉಳದೈತಿ. ಭಾಳ ಹಗರಾಗಿ, ಬರೇ ತಂತಿಲೆ, ಇನ್ನ ನಾಕೈದು ತಿಂಗಳದಾಗ ಮುಚ್ಚಬಹುದು. ಬೇರಿಗೆ ಸ್ವಲ್ಪ ಅಪಾಯ ಇದ್ದಽ ಇರತೈತಿ. ಇಲ್ಲಾ ಅಂದ್ರ ಇದ್ದಲ್ಲೇ ಹಿಂದಿನಿಂದ ಸಣ್ಣ ತಂತಿ ಅಂಟಿಸಿ ನಿಲ್ಲಸತೇನಿ, ಕಡೀತನಕ. ನೀವು ಹೇಳ್ರಿ."

ಅರ್ಧಕ್ಕೆ ಬಿಟ್ಟ ಕೆಲಸ ನನ್ನ ಆಯುಷ್ಯದಲ್ಲಿ ಒಂದೂ ಇಲ್ಲ. ಬಟ್ಟೆಯಲ್ಲಿ ಇಂಥ ಸಂದು ಕಂಡಿದ್ದರೆ ಇಡೀ ಥಾನನ್ನೇ ವಾಪಸು ಕಳಿಸುತ್ತಿದ್ದೆ. ಬಾಗಿಲಲ್ಲಿ ಕೂತ ಹೆಂಡತಿಯ ಕಡೆ ನೋಡಿದೆ. ಅವಳು ಗೋಡೆಯ ಮೇಲಿನ ದವಡೆಯ ಚಿತ್ರ ನೋಡುತ್ತಿದ್ದಳು. ನಿಮ್ಮ ಹಲ್ಲು, ನಿಮ್ಮ ಗೋಳು ಎನ್ನುವಂತೆ.

"ಇದ್ದಲ್ಲೇ ನಿಲ್ಲಸ್ರಿ," ಎಂದೆ.

"ಖರೇನಽ? ಸಂದು ಕಾಣತೈತಿ ಮತ್ತ."

"ಕಾಣಲಿ. ಹಲ್ಲ ಕಾಣಬೇಕಲ್ರೀ ಮೊದಲ."

ಡಾಕ್ಟರ್ ಹಿಂದೆ ಅಂಟಿಸುವ ತಂತಿ ಕತ್ತರಿಸಲು ತಿರುಗಿದಳು. ಇನ್ನು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನ್ನ ಬಾಯಿಗೆ ಬಂದಿತ್ತು, ಕೇಳಲಿಲ್ಲ. ಬಾಯಿ ತೆರೆದು ಮಲಗಿದೆ.