ಫ್ಲೈವೀಲಿನ ಹಿಂದಿನ ಅಕ್ಷತೆ

ನನ್ನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ರಾಣೇಬೆನ್ನೂರಿನ ಒಂದು ಲಾರಿ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದೆ. ಮೆಣಸಿನಕಾಯಿ ಸೀಜನ್ ಜೋರಾಗಿದ್ದಾಗ ಬ್ಯಾಡಗಿಯ ದಲಾಲಿ ಸಾಹುಕಾರನೊಬ್ಬ ತನ್ನ ಲಾರಿಯನ್ನು ಬೇರೆ ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದ. ಜೊತೆಗೆ ಅವನ ಡ್ರೈವರ್, ಕುಪ್ಪೇಲೂರಿನ ಫಕ್ಕೀರಪ್ಪ. ಲಾರಿ ನಿಲ್ಲುವ ಮೊದಲೇ ಸಾಹುಕಾರನ ಬಾಯಿ ಶುರುವಾಗಿತ್ತು.

"ಇಂವ ಕ್ಲಚ್ ಮ್ಯಾಲೆ ಕಾಲಿಟ್ಕೊಂಡ ಗಾಡಿ ಹೊಡದು ಹಾಳ ಮಾಡ್ಯಾನ್ರಿ. ಬಿಚ್ಚಿ ನೋಡಿ ನಾಕ ಮಂದಿ ಮುಂದ ಹೇಳಿಬಿಡ್ರಿ. ಮಾರ್ಕೆಟ್ ಯಾರ್ಡಿನ್ಯಾಗ ಇವನ್ನ ಇನ್ಯಾರೂ ಗಾಡಿ ಹತ್ತಿಸಬಾರ್ದು!"

ಫಕ್ಕೀರಪ್ಪ ಹೇಳಿದ್ದಿಷ್ಟೇ: "ವಾರದಿಂದ ಒಳಗ ಟಕ್ ಟಕ್ ಅನ್ನಾಕತ್ತಿತ್ರಿ. ಹೇಳಿದ್ರ ಸಾಹುಕಾರ್ರು ಕೇಳಲಿಲ್ಲ. ಅದಕ್ಕ ಮೋಟೆಬೆನ್ನೂರ ಹತ್ರ ಲೋಡ್ ಸಮೇತ ನಿಲ್ಲಿಸಿಬಿಟ್ಟೆ."

ಓದುಗರಿಗೆ ಒಂದು ಮಾತು ಹೇಳಬೇಕು. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ತುದಿಗೆ ಬೋಲ್ಟು ಹಾಕಿ ಕೂರಿಸುವ ಭಾರವಾದ ಕಬ್ಬಿಣದ ಚಕ್ರವೇ ಫ್ಲೈವೀಲ್. ಕ್ಲಚ್ ಪ್ಲೇಟು ಹಿಡಿಯುವುದು ಇದನ್ನೇ. ಇದು ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಕಸ ಸಿಕ್ಕರೂ ಚಕ್ರ ಸೊಟ್ಟಗೆ ತಿರುಗುತ್ತದೆ. ಸಿಕ್ಕಿದ್ದು ಮೆತ್ತಗಿನದಾದರೆ ಅದು ಪುಡಿಯಾದಂತೆ ಬೋಲ್ಟುಗಳ ಬಿಗಿ ಹೋಗುತ್ತದೆ. ಬೋಲ್ಟು ತುಂಡಾಯಿತೋ, ಆ ಚಕ್ರ ಸುತ್ತಲಿನ ಕವಚ ಒಡೆದು ಡ್ರೈವರನ ಕಾಲನ್ನೇ ತೆಗೆಯಬಹುದು.

ಗೇರ್‌ಬಾಕ್ಸ್ ಇಳಿಸಿದೆವು. ಕಾಲಿಟ್ಟುಕೊಂಡೇ ಓಡಿಸಿದ್ದರೆ ಸುಡಬೇಕಿದ್ದ ಕ್ಲಚ್ ಪ್ಲೇಟು ಸುಟ್ಟಿರಲಿಲ್ಲ. ಫ್ಲೈವೀಲಿನ ಎರಡು ಬೋಲ್ಟು ಸ್ಪ್ಯಾನರ್ ಬೇಡದೆ ಬೆರಳಿಗೇ ಬಿಚ್ಚಿಕೊಂಡವು. ಚಕ್ರ ತೆಗೆದು ಹಿಂದೆ ನೋಡಿದರೆ ಗ್ರೀಸಿನೊಳಗೆ ಕಲಸಿದ ಅರಿಶಿನ, ಕುಂಕುಮ, ಅದರಲ್ಲಿ ನುಚ್ಚಾದ ಅಕ್ಷತೆ ಕಾಳು. ಅದನ್ನು ಕೆರೆದು ತೆಗೆದು ಸಾಹುಕಾರನ ಮುಂದೆ ಹಿಡಿದೆ.

"ಇದೇನ್ರಿ?" ಎಂದೆ.

"ಹೊಸಾ ಫ್ಲೈವೀಲಲ್ರಿ, ಕೂಡ್ಸೂ ಮುಂದ ನಾನ ಪೂಜಾ ಮಾಡೇನಿ," ಎಂದ ಸಾಹುಕಾರ ಹೆಮ್ಮೆಯಿಂದ.

"ಫ್ಲೈವೀಲ್ ಬಿಚ್ಚಿದ್ರ ಬೋಲ್ಟೂ ಹೊಸಾವ ಹಾಕಬೇಕ್ರಿ. ಇವು ಯಾಕ ಹಳೇವು?"

"ಹಳೇವ ಗಟ್ಟಿ ಇದ್ದುವಲ್ರಿ."

ಸಾಹುಕಾರನಿಂದ ನಂಬರ್ ತೆಗೆದುಕೊಂಡು, ಆ ಫ್ಲೈವೀಲ್ ಕೂರಿಸಿದ್ದ ಬೇರೆ ಗ್ಯಾರೇಜಿನ ಮೇಸ್ತ್ರಿಗೆ ಫೋನ್ ಹಚ್ಚಿದೆ. ಅವನು ನಕ್ಕ. "ಅದು ತಪ್ಪಂತ ನನಗ ಗೊತ್ತಿತ್ರಿ. ಸಾಹುಕಾರ್ರು ಹಚ್ಚಿದ್ದನ್ನ ನಾ ಹೆಂಗ ಒರಸ್ಲಿ?" ಸಾಹುಕಾರನ ಮೇಲೆ ನನಗೆ ಸಿಟ್ಟು ಬಂದಿತ್ತು. ಈ ಮೇಸ್ತ್ರಿಯ ಮೇಲೆ ಬಂದದ್ದು ಬರೀ ಹೇಸಿಗೆ. ಗೊತ್ತಿಲ್ಲದೆ ಮಾಡಿದ್ದರೆ ಬೈದು ಕಲಿಸಬಹುದಿತ್ತು. ಇವನು ಗೊತ್ತಿದ್ದೂ ಒಬ್ಬ ಡ್ರೈವರನನ್ನು ಅದರ ಮೇಲೆ ಕೂರಿಸಿ ಕಳಿಸಿದ್ದ.

ಅಂಗಳದಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದೆ: "ಡ್ರೈವರಂದು ಒಂದಿಷ್ಟೂ ತಪ್ಪಿಲ್ಲ. ಇಂವ ಗಾಡಿ ನಿಲ್ಲಿಸಿದ್ದಕ್ಕ ಉಳದೈತಿ."

ಸಾಹುಕಾರ ನಾಚಿಕೊಂಡಾನು ಎಂದುಕೊಂಡಿದ್ದೆ. ಅವನು ಆ ಕೆಂಪು ಹಕ್ಕಳೆಯನ್ನು ಕಣ್ಣಿಗೊತ್ತಿಕೊಂಡು, "ಹಂಗಾರ ಇಂವ ಅಮಾಸಿ ದಿನ ಮೊಟ್ಟಿ ತಿಂದು ಗಾಡಿ ಹತ್ತಿರಬೇಕು. ಇಲ್ಲಂದ್ರ ಪೂಜಾ ಮಾಡಿದ್ದು ಹಿಂಗ್ಯಾಕ ಆಗ್ತೈತಿ? ತಾ ಕೀಲಿ!" ಎಂದು ಕೈ ಚಾಚಿದ. ಎಂಥ ಜನರಪ್ಪಾ! ಕಣ್ಣೆದುರಿನ ಕಬ್ಬಿಣವನ್ನೂ ನಂಬದವನಿಗೆ ನಾನು ಇನ್ನೇನು ತೋರಿಸಲಿ?

ಫಕ್ಕೀರಪ್ಪ ಕೀಲಿ ಕೊಟ್ಟ. ಸೀಟಿನಿಂದ ತನ್ನ ಟವೆಲ್ಲು, ನೀರಿನ ಬಾಟಲಿ ತೆಗೆದುಕೊಂಡು ನನ್ನ ಹತ್ತಿರ ಬಂದ.

"ನಂದು ಇರ್ಲಿ ಬಿಡ್ರಿ ಸಾಹೇಬ್ರ. ಬೋಲ್ಟ್ ಮಾತ್ರ ಹೊಸಾವ ಹಾಕ್ರಿ. ನಾಳಿ ಇಲ್ಲಿ ಇನ್ಯಾರೋ ಕುಂದ್ರತಾರ."

ಫ್ಲೈವೀಲೂ ಕ್ರ್ಯಾಂಕ್‌ಶಾಫ್ಟೂ ಒಂದಕ್ಕೊಂದು ಕೂರುವ ಎರಡೂ ಮುಖಗಳನ್ನು ಥಿನ್ನರಿನಿಂದ ನಾನೇ ತೊಳೆದೆ. ಹೊಸ ಬೋಲ್ಟು ಹಾಕಿ, ಎದುರುಬದುರಾಗಿ ಹಂತಹಂತವಾಗಿ, ಬಿಗಿ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು, ಚಕ್ರ ಸೊಟ್ಟಗೆ ತಿರುಗುತ್ತಿಲ್ಲವೆಂದು ಖಚಿತ ಮಾಡಿಕೊಂಡೆ. ಅಷ್ಟರಲ್ಲಿ ಸಾಹುಕಾರ ಮತ್ತೆ ಕುಂಕುಮದ ತಟ್ಟೆ ಹಿಡಿದು ಬಂದ. "ಹಚ್ಚೂದಿದ್ರ ಮುಂದಿನ ಗಾಜಿಗೆ ಹಚ್ರಿ," ಎಂದು ಅಡ್ಡ ನಿಂತೆ.

ಗಾಡಿಯ ಮಾಲೀಕನ ಮುಖ ನೋಡಿಕೊಂಡು ಬೋಲ್ಟು ಬಿಗಿಯಬಾರದು. ಅಲ್ಲಿ ನಾಳೆ ಕೂರುವವನ ಮುಖ ನಮಗೆ ಗೊತ್ತಿರುವುದಿಲ್ಲ. ಅವನಿಗಾಗಿಯೇ ಬಿಗಿಯಬೇಕು. ನನ್ನ ಉದ್ಯೋಗದ ಈ ಪಾಠವನ್ನು ಬಾಯಿಬಿಟ್ಟು ಹೇಳಿದವನು, ಆಗಷ್ಟೇ ಕೆಲಸ ಕಳೆದುಕೊಂಡು ನಿಂತಿದ್ದ ಫಕ್ಕೀರಪ್ಪ.